ಊಟ ಆಯ್ತಾ ಎಂದು ಕೇಳುವ ತಾರೆಯರು

ಅಕ್ಕನ ಮಗಳು ಪದವಿ ಓದಲೆಂದು ನಮ್ಮ ಮನೆಯಲ್ಲಿದ್ದ ದಿನಗಳ ಮಾತಿದು. ಒಂದು ರಾತ್ರಿ ಹತ್ತೂವರೆಯ ಹೊತ್ತಿಗೆ ನಾವಿಬ್ಬರೂ ಅಡುಗೆಮನೆಯಲ್ಲಿ ನಿಂತು, ರುಬ್ಬಿದ ದೋಸೆ ಹಿಟ್ಟನ್ನು ಗ್ರೈಂಡರಿನಿಂದ ಪಾತ್ರೆಗೆ ತೆಗೆಯುತ್ತಿದ್ದಾಗ ಅವಳ ಮೊಬೈಲು ಮಿನುಗಿತು. ಕೈಗೆ ಮೆತ್ತಿದ ಹಿಟ್ಟನ್ನು ತೊಳೆದುಕೊಳ್ಳುವಷ್ಟೂ ತಾಳದೆ, ಮೊಣಕೈಯಿಂದಲೇ ಫೋನನ್ನು ತನ್ನತ್ತ ಸರಿಸಿಕೊಂಡು ಓದಿದಳು. ಓದುತ್ತಿದ್ದಂತೆ ಮುಖ ಅರಳಿತು. ಯಾರದು ಎಂದು ಕೇಳಿದೆ. ತನಗೆ ಇಷ್ಟವಾದ ಒಬ್ಬ ಕೊರಿಯನ್ ಗಾಯಕನ ಹೆಸರು ಹೇಳಿ, "ಊಟ ಆಯ್ತಾ ಅಂತ ಕೇಳಿದ್ದಾರೆ, ಚಿಕ್ಕಮ್ಮ" ಎಂದಳು. ಅದೇ ದಿನ ಎಂಟು ಗಂಟೆಗೆ ಊರಿನಿಂದ ಅವಳ ಅಜ್ಜಿ ಫೋನು ಮಾಡಿ ಇದೇ ಪ್ರಶ್ನೆಯನ್ನು ಕೇಳಿದ್ದರು. "ಆಯ್ತಜ್ಜಿ" ಎಂಬ ಒಂದೇ ಉತ್ತರದಲ್ಲಿ ಆ ಮಾತು ಮುಗಿದಿತ್ತು.

ಅವಳು ನೋಡುತ್ತಿದ್ದ ಆ್ಯಪ್‌ನ ಹೆಸರು ಬಬಲ್. 2020ರಲ್ಲಿ ಆರಂಭವಾದದ್ದು. ಒಬ್ಬ ಕಲಾವಿದನಿಗೆ ತಿಂಗಳಿಗೆ, ಆಗಿನ ದರದಲ್ಲಿ, ಕೊರಿಯಾದ 4,500 ವಾನ್‌ನಂತೆ ಚಂದಾ ಕಟ್ಟಿದರೆ ಆತ ಕಳಿಸುವ ಸಂದೇಶಗಳು ನಮ್ಮ ಫೋನಿಗೆ ಬರುತ್ತವೆ. ಸಂದೇಶ ಒಂದೇ, ಹೋಗುವುದು ಚಂದಾದಾರರೆಲ್ಲರಿಗೂ; ಆದರೆ ಪ್ರತಿಯೊಬ್ಬರ ಪರದೆಯ ಮೇಲೂ ಅದು ಇಬ್ಬರೇ ಕೂತು ಆಡಿದ ಮಾತಿನಂತೆ ಕಾಣುತ್ತದೆ, ನಾವು ಕೊಟ್ಟ ಹೆಸರು ಹಿಡಿದೇ ಕರೆಯುತ್ತದೆ. ನಾವೂ ಉತ್ತರ ಬರೆಯಬಹುದು. ಶುರುವಿನಲ್ಲಿ 30 ಅಕ್ಷರಗಳ ಮಿತಿ. ಚಂದಾ ಕಟ್ಟಿದ ದಿನಗಳು ಹೆಚ್ಚಿದಂತೆ ಬರೆಯಬಹುದಾದ ಅಕ್ಷರಗಳೂ ಹೆಚ್ಚುತ್ತವೆ. ಚಂದಾ ತಪ್ಪಿದರೆ ದಿನಗಳ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅಕ್ಕನ ಮಗಳು ತನ್ನ ಕೈಖರ್ಚಿನಲ್ಲಿ ಉಳಿಸಿ ಆ ಹಣ ಕಟ್ಟುತ್ತಿದ್ದಳು, ಒಂದು ತಿಂಗಳೂ ತಪ್ಪಿಸಿರಲಿಲ್ಲ.

ಕೊರಿಯನ್ನರು ಕುಶಲ ವಿಚಾರಿಸುವಾಗ "ಬಾಪ್ ಮೊಗೊಸ್ಸೊ?" ಎನ್ನುತ್ತಾರೆ, ಅನ್ನ ಉಂಡೆಯಾ ಎಂದು ಅರ್ಥ. ನಮ್ಮಲ್ಲಿ ದಾರಿಯಲ್ಲಿ ಸಿಕ್ಕವರನ್ನೂ ಊಟ ಆಯ್ತಾ ಎಂದು ಮಾತಾಡಿಸುವ ಹಾಗೆಯೇ ಅದು. ಉತ್ತರಕ್ಕಿಂತ ಕೇಳಿದ್ದೇ ಮುಖ್ಯವಾಗುವ ಪ್ರಶ್ನೆ. ಆದರೆ ಆ ರಾತ್ರಿ ನನ್ನ ಮನಸ್ಸು ಗಡಿಯಾರದ ಕಡೆಗೆ ಹೋಯಿತು. ನಮ್ಮ ಹತ್ತೂವರೆ ಎಂದರೆ ಸೋಲ್ ನಗರದಲ್ಲಿ ನಡುರಾತ್ರಿ ಕಳೆದು ಎರಡು ಗಂಟೆ. ಆ ಹೊತ್ತಿನಲ್ಲಿ ಎಚ್ಚರವಾಗಿದ್ದು, ಅಭ್ಯಾಸ ಮುಗಿಸಿಯೋ ಚಿತ್ರೀಕರಣ ಮುಗಿಸಿಯೋ ಬಂದು, ಊಟ ಮಾಡಿದಿರಾ ಎಂದು ಲೋಕವನ್ನೆಲ್ಲ ಕೇಳುತ್ತಿರುವ ಆ ಹುಡುಗ ತಾನು ಉಂಡಿದ್ದಾನೆಯೇ? ಉಣ್ಣಲು ಅವನಿಗೆ ಯಾರಾದರೂ ಬಿಟ್ಟಿದ್ದಾರೆಯೇ?

ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ಮುಂದಿನ ಒಂದೂವರೆ ವರ್ಷ, ಮೊದಲು ಅವಳ ಜೊತೆ ಕೂತು, ಅವಳು ಊರಿಗೆ ಮರಳಿದ ಮೇಲೆ ಒಬ್ಬಳೇ ಕೂತು, ಪಾಪ್ ಐಡಲ್‌ಗಳ, ಅಂದರೆ ಏಜೆನ್ಸಿ ಎಂಬ ಕಂಪನಿಗಳು ತರಬೇತಿ ಕೊಟ್ಟು ಬೆಳೆಸುವ ಹಾಡು-ಕುಣಿತದ ತಾರೆಯರ, ಬದುಕನ್ನೇ ಕಥಾವಸ್ತುವಾಗಿಸಿಕೊಂಡ ಕೊರಿಯನ್ ಧಾರಾವಾಹಿಗಳನ್ನು ಒಂದಾದ ಮೇಲೊಂದರಂತೆ ನೋಡಿದೆ. ಕೀರ್ತಿಯ ಭಾರವನ್ನು ಅವು ಮುಚ್ಚಿಡುತ್ತವೆ ಎಂದು ದೂರುವ ಹಾಗಿಲ್ಲ. ಹಸಿವು, ನಿದ್ದೆಗೇಡು, ಭಯ, ಸಾಲ ಎಲ್ಲವೂ ಅಲ್ಲಿವೆ. ನನಗೆ ಕೊರೆಯುವುದು ಆ ಭಾರವನ್ನು ಯಾರ ತಲೆಗೆ ಕಟ್ಟುತ್ತಾರೆ ಎಂಬ ವಿಚಾರ. ಹೆಚ್ಚಿನ ಕಥೆಗಳಲ್ಲಿ ಒಬ್ಬ ದುಷ್ಟ ಇರುತ್ತಾನೆ: ದುಡ್ಡಿನಾಸೆಯ ಏಜೆನ್ಸಿಯ ಮುಖ್ಯಸ್ಥ, ಸುದ್ದಿಗಾಗಿ ಹಸಿದ ಪತ್ರಕರ್ತ, ಇಲ್ಲವೇ ತಾರೆಯ ಮನೆಯೊಳಗೇ ನುಗ್ಗುವ, ಕೊರಿಯನ್ನರು ಸಾಸೆಂಗ್ ಎಂದು ಕರೆಯುವ ಹುಚ್ಚು ಅಭಿಮಾನಿ. ಅವನು ಸಿಕ್ಕಿಬಿದ್ದರೆ ಕಷ್ಟವೂ ತೀರುತ್ತದೆ. ಆದರೆ ಯಾವ ದುಷ್ಟತನವೂ ಇಲ್ಲದ, ನಮ್ಮ ಹುಡುಗಿಯಂಥ ಲಕ್ಷಾಂತರ ಒಳ್ಳೆಯ ಅಭಿಮಾನಿಗಳ ಪ್ರೀತಿಯೇ ಐಡಲ್‌ನ ಪಾಲಿಗೆ ಕೊನೆಮೊದಲಿಲ್ಲದ ದುಡಿಮೆಯಾಗಿರುವುದನ್ನು ತೋರಿಸಲು ಈ ಧಾರಾವಾಹಿಗಳು ಹಿಂಜರಿಯುತ್ತವೆ. ನೋಡುವವರೂ ಅವರೇ ಆದ್ದರಿಂದ ಹಿಂಜರಿಕೆಗೆ ಕಾರಣ ಹುಡುಕಬೇಕಾಗಿಲ್ಲ.

ಹಳೆಯದರಿಂದ ಶುರು ಮಾಡುತ್ತೇನೆ. 2011ರ ಜನವರಿಯಲ್ಲಿ ಕೆಬಿಎಸ್ ವಾಹಿನಿಯಲ್ಲಿ 'ಡ್ರೀಮ್ ಹೈ' ಬಂತು. ಹಾಡು, ಕುಣಿತ ಕಲಿಸುವ ಒಂದು ಪ್ರೌಢಶಾಲೆಯ ಮಕ್ಕಳು ತಾರೆಗಳಾಗುವ ಕಥೆ. ಐಡಲ್‌ಗಳನ್ನು ತಯಾರಿಸುವ ಜೆವೈಪಿ ಸಂಸ್ಥೆಯೇ ಅದರ ನಿರ್ಮಾಣದಲ್ಲಿ ಪಾಲುದಾರನಾಗಿತ್ತು. ಅದರ ಸ್ಥಾಪಕ ಪಾರ್ಕ್ ಜಿನ್‌ಯಂಗ್ ಒಬ್ಬ ಮೇಷ್ಟರ ಪಾತ್ರವನ್ನೂ ಮಾಡಿದ್ದರು. ಅದರಲ್ಲಿ ಪಿಲ್‌ಸುಕ್ ಎಂಬ ಹುಡುಗಿ ಇದ್ದಾಳೆ. ಕಂಠ ಚಿನ್ನದಂಥದ್ದು, ಮೈ ದಪ್ಪ. ಗಾಯಕಿ ಐಯು ಆ ಪಾತ್ರಕ್ಕಾಗಿ ದಪ್ಪ ಕಾಣುವ ವೇಷ ತೊಟ್ಟಿದ್ದರು. ತಾನು ಮೆಚ್ಚಿದ ಹುಡುಗನಿಗಾಗಿ ಪಿಲ್‌ಸುಕ್ ತೂಕ ಇಳಿಸುತ್ತಾಳೆ, ಒಂದು ದಿನ ತೆಳ್ಳಗಾಗಿ ಬಂದು ನಿಲ್ಲುತ್ತಾಳೆ, ಎಲ್ಲರ ಕಣ್ಣೂ ಅವಳ ಮೇಲೆ. ಕಥೆ ಇದನ್ನು ಛಲದ ಗೆಲುವಾಗಿ ಹೇಳುತ್ತದೆ, ಹಿನ್ನೆಲೆಯ ಸಂಗೀತವೂ ಹಾಗೆಯೇ ಏರುತ್ತದೆ. ಮೂರು ವರ್ಷಗಳ ನಂತರ, 2014ರಲ್ಲಿ, ಅದೇ ಐಯು ಒಂದು ಟಿವಿ ಕಾರ್ಯಕ್ರಮದಲ್ಲಿ ಕೂತು, ತನಗೆ ಬುಲಿಮಿಯಾ ಇತ್ತೆಂದೂ, ಮನಸ್ಸು ಕಳವಳಗೊಂಡಾಗಲೆಲ್ಲ ತಿಂದು ತಿಂದು ಕಾಯಿಲೆ ಬಿದ್ದು ಚಿಕಿತ್ಸೆ ಪಡೆದೆನೆಂದೂ ಹೇಳಿಕೊಂಡರು. ಅದನ್ನು ತಿಳಿದ ಮೇಲೆ ಪಿಲ್‌ಸುಕ್ ತೆಳ್ಳಗಾಗಿ ಬರುವ ದೃಶ್ಯವನ್ನು ಇನ್ನೊಮ್ಮೆ ನೋಡಲು ನನ್ನಿಂದ ಆಗಲಿಲ್ಲ. ಧಾರಾವಾಹಿ ಸುಳ್ಳು ಹೇಳಿತು ಎಂದು ನಾನು ಆರೋಪಿಸುತ್ತಿಲ್ಲ; ಅಂದಿನ ಕಾಲಕ್ಕೆ ಅದೇ ಗೆಲುವು ಎಂದು ಎಲ್ಲರೂ ಪ್ರಾಮಾಣಿಕವಾಗಿ ನಂಬಿದ್ದರು. ನನ್ನ ಸಂಕಟವೂ ಅದೇ.

ಹತ್ತು ವರ್ಷದಲ್ಲಿ ದನಿ ಬದಲಾಯಿತು. 2021ರ 'ಇಮಿಟೇಶನ್' ಧಾರಾವಾಹಿಯಲ್ಲಿ ಒಂದು ಜನಪ್ರಿಯ ಗುಂಪಿನ ಸದಸ್ಯನೊಬ್ಬ ಇದ್ದಕ್ಕಿದ್ದಂತೆ ಕಾಣೆಯಾಗಿರುತ್ತಾನೆ, ಉಳಿದವರು ಅವನ ಜಾಗವನ್ನು ಖಾಲಿ ಇಟ್ಟುಕೊಂಡೇ ಕುಣಿಯುತ್ತಾರೆ. ಇಬ್ಬರು ಐಡಲ್‌ಗಳು ಪ್ರೀತಿಸಿದರೆ ಆ ಸುದ್ದಿ ಅವರಿಬ್ಬರನ್ನು ಮಾತ್ರವಲ್ಲದೆ ಅವರವರ ಗುಂಪಿನ ಎಲ್ಲರ ಅನ್ನವನ್ನೂ ಕಸಿಯಬಲ್ಲದು ಎಂಬುದನ್ನು ಅದು ಬಿಡಿಸಿ ಹೇಳುತ್ತದೆ. ಆದರೂ ಅದು ಮೂಲತಃ ಮುದ್ದಾದ ಪ್ರೇಮಕಥೆ, ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕೆಂದು ನನಗೆ ಅನ್ನಿಸುವುದಿಲ್ಲ.

2023ರ ಅಕ್ಟೋಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ದೂನಾ!' ಮಾತ್ರ ಬೇರೆ ಜಾತಿಯದು. ಒಂಬತ್ತೇ ಕಂತು. ಪ್ರಸಿದ್ಧ ಗುಂಪೊಂದನ್ನು ತೊರೆದು ಬಂದ ದೂನಾ ಎಂಬ ಯುವತಿ ಕಾಲೇಜು ಹುಡುಗರು ಬಾಡಿಗೆಗಿರುವ ಒಂದು ಮನೆಯ ಕೆಳಮಹಡಿಯಲ್ಲಿ ಇದ್ದಾಳೆ. ಮೇಲಿನ ಕೋಣೆಗೆ ವನ್‌ಜೂನ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿ ಬರುತ್ತಾನೆ. ಅವಳು ಯಾರೆಂಬುದೇ ಅವನಿಗೆ ಗೊತ್ತಿಲ್ಲ. ಅವಳಾದರೋ ಅವನನ್ನು ಕಂಡ ಮೊದಲ ಗಳಿಗೆಯಲ್ಲೇ ತನ್ನನ್ನು ಹಿಂಬಾಲಿಸಿ ಬಂದ ಅಭಿಮಾನಿ ಎಂದು ತೀರ್ಮಾನಿಸುತ್ತಾಳೆ. ಈ ಒಂದು ಸಂಗತಿಯನ್ನು ಧಾರಾವಾಹಿ ತುಂಬ ಹತ್ತಿರದಿಂದ ನೋಡುತ್ತದೆ. ಅಂಗಳದಲ್ಲಿ ಕೂತು ಒಂದರ ಹಿಂದೊಂದು ಸಿಗರೇಟು ಸೇದುವ ಅವಳಿಗೆ ಎದುರಿಗಿದ್ದವನ ಕಣ್ಣಿನಲ್ಲಿರುವುದು ಸಾಮಾನ್ಯ ಸೌಜನ್ಯವೋ ಆಸೆಯೋ ಎಂದು ಗುರುತಿಸುವ ಶಕ್ತಿಯೇ ಹೋಗಿದೆ. ಚಿಕ್ಕಂದಿನಿಂದ ಅವಳನ್ನು ನೋಡಿದವರೆಲ್ಲ ಅವಳಿಂದ ಏನನ್ನೋ ಬಯಸಿಯೇ ನೋಡಿದ್ದಾರೆ; ಹಾಗಾಗಿ ಏನನ್ನೂ ಬಯಸದೆ ನೋಡುವ ಒಂದು ನೋಟ ಸಿಕ್ಕಾಗ ಅದು ಅವಳಿಗೆ ಅರ್ಥವಾಗದ ಭಾಷೆಯಂತಿದೆ. ತನ್ನನ್ನು ಬೆಳೆಸಿದ, ಈಗ ಫೋನು ಎತ್ತದ ಮ್ಯಾನೇಜರನಿಗೆ ಅವಳು ಮತ್ತೆ ಮತ್ತೆ ಕರೆ ಮಾಡುವುದನ್ನು ನೋಡುವಾಗ, ಪಂಜರದ ಬಾಗಿಲು ತೆರೆದ ಮೇಲೂ ಅಲ್ಲೇ ಕೂತಿರುವ ಗಿಳಿಯ ನೆನಪಾಗುತ್ತದೆ.

ಆ ಪಾತ್ರ ಮಾಡಿದ ಬೇ ಸುಜಿ 2010ರಲ್ಲಿ ಹದಿಹರೆಯದಲ್ಲೇ ಮಿಸ್ ಎ ಎಂಬ ಗುಂಪಿನೊಂದಿಗೆ ಹಾಡತೊಡಗಿದವರು. ಅದು 2017ರಲ್ಲಿ ಚದುರಿತು. 'ಡ್ರೀಮ್ ಹೈ' ಅವರ ಮೊದಲ ಧಾರಾವಾಹಿ. ಅಲ್ಲಿ ತಾರೆಯಾಗುವ ಕನಸು ಕಾಣುವ ಹುಡುಗಿಯಾಗಿದ್ದವರು ಹನ್ನೆರಡು ವರ್ಷ ಕಳೆದು ಇಲ್ಲಿ ತಾರಾಪಟ್ಟ ಬಿಟ್ಟುಬಂದವಳ ಪಾತ್ರ ಮಾಡಿದ್ದಾರೆ. ನಟಿಯ ಬದುಕನ್ನೂ ಪಾತ್ರವನ್ನೂ ಬೆರೆಸಬಾರದೆಂದು ನನಗೆ ಗೊತ್ತು. ಆದರೆ ಆ ಅಂಗಳದ ದೃಶ್ಯಗಳಲ್ಲಿ ಸುಜಿಯ ಬೆನ್ನು ಬಾಗಿರುವ ರೀತಿ, ಯಾರೋ ಫೋಟೋ ತೆಗೆಯುತ್ತಿರಬಹುದೆಂದು ತಟ್ಟನೆ ನೆಟ್ಟಗಾಗುವ ರೀತಿ, ಅಭಿನಯದ ಶಾಲೆಯಲ್ಲಿ ಕಲಿತದ್ದಕ್ಕಿಂತ ಹಳೆಯದೆಂದು ತೋರುತ್ತದೆ. ಕಥೆಯ ಕೊನೆಯಲ್ಲಿ ಪ್ರೀತಿ ಅವಳನ್ನು ಉಳಿಸಿತು ಎಂಬ ಸುಲಭದ ಸಮಾಧಾನ ಇಲ್ಲ. ಇಬ್ಬರೂ ತಂತಮ್ಮ ದಾರಿ ಹಿಡಿಯುತ್ತಾರೆ. ಅನೇಕರು ಆ ಮುಕ್ತಾಯಕ್ಕೆ ಬೇಸರಪಟ್ಟರು. ನನಗೆ ಅದು ಸರಿಯೆನಿಸಿತು.

ಇನ್ನು 'ಲವ್ಲಿ ರನ್ನರ್'. 2024ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಟಿವಿಎನ್ ವಾಹಿನಿಯಲ್ಲಿ ಹದಿನಾರು ಕಂತುಗಳಾಗಿ ಬಂದ ಈ ಧಾರಾವಾಹಿಯನ್ನು ನಮ್ಮ ಮನೆಯಲ್ಲಿ ಎರಡು ಸಲ ನೋಡಲಾಯಿತು. ಅಪಘಾತದಲ್ಲಿ ಕಾಲಿನ ಬಲ ಕಳೆದುಕೊಂಡು ಬದುಕೇ ಬೇಡವೆಂದು ಆಸ್ಪತ್ರೆಯಲ್ಲಿ ಮಲಗಿದ್ದ ಇಮ್ ಸೋಲ್ ಎಂಬ ಹುಡುಗಿಗೆ, ಅಂದೇ ಹಾಡುಗಾರನಾಗಿ ಲೋಕಕ್ಕೆ ಪರಿಚಯವಾಗುತ್ತಿದ್ದ ರ್ಯು ಸನ್‌ಜೇ ರೇಡಿಯೋ ಕಾರ್ಯಕ್ರಮದಿಂದ ಫೋನು ಮಾಡುತ್ತಾನೆ. ಹವೆ ಚೆನ್ನಾಗಿದೆ, ಇವತ್ತೊಂದು ದಿನ ಬದುಕಿ ನೋಡಿ ಎಂಬ ಅರ್ಥದ ಮಾತು ಆಡುತ್ತಾನೆ. ಅವಳು ಬದುಕುತ್ತಾಳೆ. ವರ್ಷಗಳು ಕಳೆದು, ಕೀರ್ತಿಯ ತುದಿಯಲ್ಲಿ ದಣಿದುಹೋದ ಸನ್‌ಜೇ ಒಂದು ರಾತ್ರಿ ತೀರಿಕೊಂಡ ಸುದ್ದಿ ಬರುತ್ತದೆ. ಗಾಲಿಕುರ್ಚಿಯ ಮೇಲಿನ ಆ ಅಭಿಮಾನಿ, ಅವನದಾಗಿದ್ದ ಒಂದು ಕೈಗಡಿಯಾರದ ಬಲದಿಂದ 2008ಕ್ಕೆ ಹಿಂತಿರುಗಿ, ಶಾಲಾ ಹುಡುಗನಾಗಿರುವ ಅವನನ್ನು ಉಳಿಸಲು ಹೊರಡುತ್ತಾಳೆ.

ಈ ಕಥೆಯನ್ನು ಕೊರಿಯಾದ ನೆಲದಲ್ಲಿಟ್ಟು ನೋಡಬೇಕು. 2017ರ ಡಿಸೆಂಬರ್‌ನಲ್ಲಿ ಶೈನಿ ಗುಂಪಿನ ಜೋಂಗ್‌ಹ್ಯನ್ ಅಗಲಿದರು. 2019ರ ಅಕ್ಟೋಬರ್‌ನಲ್ಲಿ ಗಾಯಕಿ ಸುಲ್ಲಿ, ಮರುತಿಂಗಳೇ ಅವರ ಗೆಳತಿ, ಗಾಯಕಿ ಗೂ ಹಾರಾ. ಇಬ್ಬರಿಗೂ ಮೂವತ್ತು ತುಂಬಿರಲಿಲ್ಲ. ಸುಲ್ಲಿಯ ಸಾವಿನ ನಂತರವೇ ದೌಮ್ ಮತ್ತು ನೇವರ್ ಎಂಬ ಅಲ್ಲಿನ ಎರಡು ದೊಡ್ಡ ಜಾಲತಾಣಗಳು, ಒಂದು 2019ರ ಅಕ್ಟೋಬರ್ ಕೊನೆಗೆ, ಇನ್ನೊಂದು 2020ರ ಮಾರ್ಚ್‌ನಲ್ಲಿ, ಮನರಂಜನೆಯ ಸುದ್ದಿಗಳ ಕೆಳಗೆ ಓದುಗರು ಪ್ರತಿಕ್ರಿಯೆ ಬರೆಯುವ ಜಾಗವನ್ನೇ ಮುಚ್ಚಿದವು. ಆ ಸಾವುಗಳ ನೆನಪಿರುವ ಒಂದು ಇಡೀ ಪೀಳಿಗೆಗೆ, ನಾನು ಹಿಂದಕ್ಕೆ ಹೋಗಿ ಅವರನ್ನು ಉಳಿಸುವಂತಿದ್ದರೆ ಎಂಬ ಹಂಬಲ ಎಷ್ಟು ಆಳವಾಗಿದ್ದೀತು ಎಂದು ಊಹಿಸಬಹುದು. ಅಕ್ಕನ ಮಗಳು ಮೊದಲ ಕಂತಿನಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ. ಅಭಿಮಾನವೆಂಬುದು ಹುಚ್ಚು, ಹಣ ಪೋಲು ಎಂದು ಬೈಸಿಕೊಳ್ಳುವ ಹುಡುಗಿಯರಿಗೆ ಆ ಧಾರಾವಾಹಿ ಕೊಟ್ಟ ಗೌರವ ದೊಡ್ಡದು. ಅದನ್ನು ಯಾರೂ ಕಡಿಮೆ ಮಾಡಿ ಹೇಳಬಾರದು.

ಆದರೆ ಕಥೆ ಮುಂದುವರಿದಂತೆ ಸನ್‌ಜೇಯ ಸಾವಿನ ಹಿಂದೆ ಒಬ್ಬ ಕೊಲೆಗಾರ ಇದ್ದಾನೆಂದು ತಿಳಿಯುತ್ತದೆ. ಟ್ಯಾಕ್ಸಿ ಓಡಿಸುವ ಆ ಮನುಷ್ಯನಿಗೂ ಐಡಲ್ ಉದ್ಯಮಕ್ಕೂ ಯಾವ ಸಂಬಂಧವೂ ಇಲ್ಲ. ಅಲ್ಲಿ ನನಗೆ ಕೈ ಜಾರಿದಂತಾಯಿತು. ಮೊದಲ ಕಂತಿನಲ್ಲಿ ಕಂಡ ದಣಿವು, ನಿದ್ದೆಯಿಲ್ಲದ ಕಣ್ಣು, ಎಲ್ಲವನ್ನೂ ಬಿಟ್ಟುಬಿಡಬೇಕೆಂಬ ಮಾತು, ಇವೆಲ್ಲಕ್ಕೂ ಉತ್ತರವಾಗಿ ಒಬ್ಬ ಚಾಕು ಹಿಡಿದವನನ್ನು ಕೊಟ್ಟರೆ, ಕೊಲೆಗಾರನನ್ನು ತಡೆದ ಕೂಡಲೇ ಗಾಯಕ ಸುಖವಾಗಿರುತ್ತಾನೆ ಎಂದಾಗುತ್ತದೆ. ಇಮ್ ಸೋಲ್‌ಳ ಪ್ರೀತಿ ಕೊಲೆಗಾರನಿಂದ ಕಾಪಾಡಬಲ್ಲದು. ಪ್ರೀತಿಸುವವರ ಸಂಖ್ಯೆಯೇ ಭಾರವಾದಾಗ ಯಾರು ಕಾಪಾಡಬೇಕು? ಆ ಪ್ರಶ್ನೆಯ ಅಂಚಿಗೆ ಬಂದು ಧಾರಾವಾಹಿ ಬೇರೆ ಕಡೆಗೆ ತಿರುಗಿಬಿಟ್ಟಿತು. ಧಾರಾವಾಹಿ ಮುಗಿದ ಮೇಲೆ ನಡೆದದ್ದೂ ಆ ಪ್ರಶ್ನೆಯ ಹತ್ತಿರದ್ದೇ. ಕಥೆಯೊಳಗಿನ ಎಕ್ಲಿಪ್ಸ್ ಗುಂಪಿನ ಹಾಡು ಕೊರಿಯಾದ ನಿಜವಾದ ಹಾಡುಪಟ್ಟಿಗಳಲ್ಲಿ ಮೇಲೇರಿತು. ಸನ್‌ಜೇಯಾಗಿ ನಟಿಸಿದ ಬ್ಯನ್ ವೂಸಕ್ ಅವರನ್ನು ನೋಡಲು ಜನ ಮುಗಿಬಿದ್ದರು. 2024ರ ಜುಲೈನಲ್ಲಿ ಇಂಚನ್ ವಿಮಾನ ನಿಲ್ದಾಣದಲ್ಲಿ ಅವರ ಕಾವಲಿನವರು ಇತರ ಪ್ರಯಾಣಿಕರ ಮುಖಕ್ಕೆ ಟಾರ್ಚ್ ಬೆಳಕು ಬಿಟ್ಟದ್ದು ದೊಡ್ಡ ವಿವಾದವಾಗಿ, ಅವರ ಏಜೆನ್ಸಿ ಕ್ಷಮೆ ಕೇಳಬೇಕಾಯಿತು. ಐಡಲ್‌ನ ಪಾತ್ರ ಮಾಡಿದ ನಟ ಮೂರು ತಿಂಗಳೊಳಗೆ ಐಡಲ್‌ನ ಬದುಕಿಗೇ ಬಂದು ಸೇರಿದ್ದರು.

ಅದೇ ವರ್ಷದ ಆರಂಭದಲ್ಲಿ ನಡೆದ ಇನ್ನೊಂದು ಘಟನೆ ಯಾವ ಧಾರಾವಾಹಿಗಿಂತಲೂ ನನ್ನನ್ನು ಹೆಚ್ಚು ಕಲಕಿತು. ಎಸ್ಪಾ ಗುಂಪಿನ ಕರೀನಾ ಒಬ್ಬ ನಟನನ್ನು ಪ್ರೀತಿಸುತ್ತಿರುವ ಸುದ್ದಿ 2024ರ ಫೆಬ್ರವರಿ ಕೊನೆಗೆ ಹೊರಬಂತು. ಕೆಲವೇ ದಿನಗಳಲ್ಲಿ ಅವರ ಏಜೆನ್ಸಿಯ ಕಚೇರಿಯ ಮುಂದೆ, ಓಡುವ ಅಕ್ಷರಗಳ ಫಲಕ ಹೊತ್ತ ಒಂದು ಟ್ರಕ್ಕು ಬಂದು ನಿಂತಿತು. ಅಭಿಮಾನಿಗಳು ಕೊಡುವ ಪ್ರೀತಿ ನಿನಗೆ ಸಾಲದೇ ಎಂಬ ಅರ್ಥದ ಪ್ರಶ್ನೆ ಅದರ ಮೇಲೆ ಹರಿಯುತ್ತಿತ್ತು. ಮಾರ್ಚ್ ಮೊದಲ ವಾರದಲ್ಲಿ ಕರೀನಾ ತಮ್ಮ ಕೈಬರಹದಲ್ಲೇ ಕ್ಷಮೆಯ ಪತ್ರ ಬರೆದು ಪ್ರಕಟಿಸಿದರು. ಮುಂದಿನ ತಿಂಗಳು ಆ ಸಂಬಂಧ ಮುರಿಯಿತು. ಇಪ್ಪತ್ಮೂರು ವರ್ಷದ ಒಬ್ಬ ಹೆಣ್ಣುಮಗಳು ತಾನು ಒಬ್ಬನನ್ನು ಮೆಚ್ಚಿದ್ದಕ್ಕೆ ಲಕ್ಷ ಜನರ ಕ್ಷಮೆ ಕೇಳಿದಳು. ಆ ಟ್ರಕ್ಕನ್ನು ಬಾಡಿಗೆಗೆ ತಂದವರು ಸಾಸೆಂಗ್‌ಗಳಲ್ಲ, ಕೊಲೆಗಾರರಲ್ಲ. ಆಲ್ಬಮ್ ಕೊಂಡವರು, ಮತ ಹಾಕಿ ಗೆಲ್ಲಿಸಿದವರು, ಚಂದಾ ಕಟ್ಟಿದವರು. ಲೆಕ್ಕ ಕೇಳುವ ಹಕ್ಕು ತಮಗಿದೆ ಎಂದು ಮನಸಾರೆ ನಂಬಿದವರು.

ಇದನ್ನು ಓದುವಾಗ ಕನ್ನಡಿಗರ ಕಿವಿಯಲ್ಲಿ ಒಂದು ಮಾತು ಮೊಳಗದೆ ಇರದು. ಡಾ. ರಾಜ್‌ಕುಮಾರ್ ಅವರು ವೇದಿಕೆಗೆ ಬಂದು ಕೈಮುಗಿದು "ಅಭಿಮಾನಿ ದೇವರುಗಳೇ" ಎನ್ನುತ್ತಿದ್ದರು. ಇಂಗ್ಲಿಷಿನಿಂದ ಕೊರಿಯನ್ನಿಗೆ ಹೋದ ಐಡಲ್ ಎಂಬ ಪದಕ್ಕೆ ವಿಗ್ರಹ ಎಂದರ್ಥ. ಅಲ್ಲಿ ಹಾಡುವವನು ವಿಗ್ರಹ, ನೋಡುವವರು ಭಕ್ತರು. ನಮ್ಮ ಅಣ್ಣಾವ್ರ ಮಾತಿನಲ್ಲಿ ಅದು ತಿರುಗುಮುರುಗಾಗಿದೆ: ನೋಡುವವರು ದೇವರು, ನಟ ಅವರ ಸೇವಕ. ಆ ಮಾತಿನಲ್ಲಿದ್ದ ವಿನಯ ನಿಜವಾದದ್ದು, ಅದನ್ನು ಕೇಳಿ ಬೆಳೆದ ನನಗೆ ಅದರ ಮೇಲೆ ಪ್ರೀತಿಯಿದೆ. ಆದರೂ ಕೊರಿಯಾದ ಈ ಕಥೆಗಳನ್ನೆಲ್ಲ ನೋಡಿದ ಮೇಲೆ, ನಿಜವಾದ ಸಂಬಂಧ ಯಾವುದೆಂದು ಅಣ್ಣಾವ್ರು ಸರಿಯಾಗಿ ಕಂಡಿದ್ದರು ಎಂದು ನನಗೆ ಅನ್ನಿಸುತ್ತದೆ. ದೇವರಿಗೆ ನೈವೇದ್ಯ ನಿತ್ಯವೂ ಆಗಬೇಕು. ದೇವರು ಮುನಿಯಬಹುದು, ಕೈಬಿಡಬಹುದು. ಎತ್ತರದಲ್ಲಿ ನಿಂತಂತೆ ಕಾಣುವ ಆ ಹುಡುಗ ಹುಡುಗಿಯರೇ ರಾತ್ರಿ ಎರಡು ಗಂಟೆಯವರೆಗೆ ಆರತಿ ತಟ್ಟೆ ಹಿಡಿದು ನಿಂತಿರುವವರು.

ನಾನು ನೋಡಿದವುಗಳಲ್ಲಿ ಇದನ್ನು ಕಣ್ಣಿಟ್ಟು ನೋಡಿದ ಧಾರಾವಾಹಿ ಒಂದೇ, ಮತ್ತು ಅದನ್ನು ನೋಡಿದವರು ತೀರ ಕಡಿಮೆ. 2021ರ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಜೆಟಿಬಿಸಿ ವಾಹಿನಿಯಲ್ಲಿ ಹನ್ನೆರಡು ಕಂತುಗಳಲ್ಲಿ ಬಂದ 'ಐಡಲ್: ದ ಕೂ'. ಕೊರಿಯಾದಲ್ಲಿ ಅದರ ವೀಕ್ಷಕರ ಪ್ರಮಾಣ ಶೇಕಡಾ ಒಂದನ್ನೂ ಮುಟ್ಟಲಿಲ್ಲ. ಕಾಟನ್ ಕ್ಯಾಂಡಿ ಎಂಬ ಐವರು ಹುಡುಗಿಯರ ಗುಂಪಿನ ಕಥೆ ಅದು. ಆರು ವರ್ಷವಾಗಿದೆ, ಒಂದು ಹಾಡೂ ಗೆದ್ದಿಲ್ಲ. ಇಂಥವರಿಗೆ ಅಲ್ಲಿನ ಜನ ಇಟ್ಟಿರುವ ಹೆಸರು ಮಾಂಗ್‌ದೋಲ್, ಹಾಳಾಗಿಹೋದ ಐಡಲ್ ಎಂದು. ಮಿಕ್ಕ ಧಾರಾವಾಹಿಗಳು ಕೀರ್ತಿ ಬಂದ ಮೇಲಿನ ಕಷ್ಟ ಹೇಳಿದರೆ, ಇದು ಬಾರದ ಕೀರ್ತಿಯ ಕಷ್ಟವನ್ನು ಹೇಳುತ್ತದೆ. ಒತ್ತಡ ಎರಡರಲ್ಲೂ ಒಂದೇ ಎಂಬುದನ್ನು ನಾನು ಇದನ್ನು ನೋಡಿಯೇ ಕಲಿತದ್ದು: ಮೆಚ್ಚುಗೆಯಾಗಬೇಕು, ಇವತ್ತೂ ಆಗಬೇಕು, ಆಗದಿದ್ದರೆ ತಪ್ಪು ನನ್ನದೇ.

ಗುಂಪಿನ ನಾಯಕಿ ಜೆನ್ನಾ ಯಾವಾಗಲೂ ನಗುತ್ತಾಳೆ. ಯಾರಾದರೂ ಅವಮಾನಿಸಿದರೂ ನಗು, ಕಾರ್ಯಕ್ರಮ ರದ್ದಾದರೂ ನಗು, ತನ್ನವರೇ ಜಗಳವಾಡಿದರೂ ಮಧ್ಯೆ ನಿಂತು ನಗು. ಮೊದಲೆರಡು ಕಂತುಗಳಲ್ಲಿ ಅದು ಅವಳ ಸ್ವಭಾವ ಎಂದುಕೊಂಡಿದ್ದೆ. ಆಮೇಲೆ ಗೊತ್ತಾಗುತ್ತದೆ, ಅದು ಅವಳ ಕೆಲಸ. ಕೆಲಸ ಮುಗಿಸಿ ಮುಖವನ್ನು ಎಲ್ಲಿ ಇಳಿಸಿಡಬೇಕೆಂದು ಅವಳಿಗೆ ತಿಳಿಯುತ್ತಿಲ್ಲ. ದಪ್ಪ ಅಕ್ಷರದ ದುರಂತ ಯಾವುದೂ ಬೇಕಾಗಿಲ್ಲ. ಸಾಲದ ಲೆಕ್ಕದ ಹಾಳೆ, ಕರೆ ಬಾರದ ಫೋನು, ತಮ್ಮದೇ ಏಜೆನ್ಸಿಯ ಗೆದ್ದ ಹುಡುಗರ ಗುಂಪಿನ ದೊಡ್ಡ ಭಿತ್ತಿಚಿತ್ರದ ಕೆಳಗೆ ತಲೆ ತಗ್ಗಿಸಿ ನಡೆದು ಹೋಗುವುದು, ಇಷ್ಟರಲ್ಲೇ ಎಲ್ಲವೂ ಇದೆ. ಕೊನೆಗೆ ಅವರು ಬಯಸುವುದು ಗೆಲುವನ್ನಲ್ಲ, ಸರಿಯಾಗಿ ಮುಗಿಸುವುದನ್ನು. ಸೋತ ಗುಂಪುಗಳು ಅಲ್ಲಿ ಸಾಮಾನ್ಯವಾಗಿ ಸದ್ದಿಲ್ಲದೆ ಕರಗಿಹೋಗುತ್ತವೆ; ಈ ಹುಡುಗಿಯರು ನಾವು ಇದ್ದೆವು, ಈಗ ನಿಲ್ಲಿಸುತ್ತಿದ್ದೇವೆ ಎಂದು ತಾವೇ ಹೇಳುವ ಹಕ್ಕನ್ನು ಕೇಳುತ್ತಾರೆ.

ಹಣದ ಸಂಗತಿಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೊರಗಿನಿಂದ ನೋಡುವ ನಮಗೆ ಅದು ಕಾಣುವುದಿಲ್ಲ. ಮಕ್ಕಳನ್ನು ಚಿಕ್ಕಂದಿನಲ್ಲೇ ತರಬೇತಿಗೆ ಆರಿಸಿಕೊಳ್ಳುತ್ತಾರೆ. ಟ್ವೈಸ್ ಗುಂಪಿನ ನಾಯಕಿ ಜಿಹ್ಯೊ 2005ರಲ್ಲಿ ಸೇರಿ 2015ರಲ್ಲಿ ವೇದಿಕೆ ಕಂಡರು, ಬಾಲ್ಯದ ಹತ್ತು ವರ್ಷ ಅಭ್ಯಾಸದ ಕೋಣೆಯಲ್ಲೇ ಕಳೆಯಿತು. ಆಮೇಲೆ ಬರುವ ಆದಾಯದಲ್ಲಿ ಮೊದಲು ಕಂಪನಿ ಮಾಡಿದ ಖರ್ಚು ಕಳೆಯುವುದು ರೂಢಿ. ಲೆಕ್ಕ ಸರಿತೂಗುವವರೆಗೆ ಹಾಡಿದವರ ಕೈಗೆ ಏನೂ ಬಾರದೆ ಇರಬಹುದು. ಹಿಂದೆ ಹದಿಮೂರು ವರ್ಷದ ಕರಾರುಗಳಿದ್ದವು. ಟಿವಿಎಕ್ಸ್‌ಕ್ಯೂ ಗುಂಪಿನ ಮೂವರು 2009ರಲ್ಲಿ ನ್ಯಾಯಾಲಯಕ್ಕೆ ಹೋದ ಆ ವರ್ಷವೇ ಸರ್ಕಾರದ ವ್ಯಾಪಾರ ಆಯೋಗ ಏಳು ವರ್ಷದ ಮಾದರಿ ಕರಾರನ್ನು ತಂದಿತು. 2014ರ ಕಾನೂನು ಹದಿನೈದರೊಳಗಿನ ಮಕ್ಕಳ ದುಡಿಮೆಯನ್ನು ವಾರಕ್ಕೆ 35 ಗಂಟೆಗೆ, ಅದಕ್ಕಿಂತ ದೊಡ್ಡ ಅಪ್ರಾಪ್ತರದನ್ನು 40 ಗಂಟೆಗೆ ಮಿತಿಗೊಳಿಸಿತು. ಆದರೆ 2024ರಲ್ಲಿ ನ್ಯೂಜೀನ್ಸ್ ಗುಂಪಿನ ಹನ್ನಿ ಎಂಬ ಹುಡುಗಿ ತನಗಾದ ಅವಹೇಳನದ ಬಗ್ಗೆ ಅಕ್ಟೋಬರ್‌ನಲ್ಲಿ ಸಂಸತ್ತಿನ ಸಮಿತಿಯ ಮುಂದೆ ಕಣ್ಣೀರಿಟ್ಟು ಹೇಳಿದಾಗ, ಮರುತಿಂಗಳು ಕಾರ್ಮಿಕ ಇಲಾಖೆ ಕೊಟ್ಟ ಉತ್ತರ ಇದು: ಕಾನೂನಿನ ಪ್ರಕಾರ ಆಕೆಯನ್ನು ಕಾರ್ಮಿಕಳೆಂದು ಪರಿಗಣಿಸಲಾಗದು, ಹಾಗಾಗಿ ಕೆಲಸದ ಜಾಗದ ಕಿರುಕುಳದ ನಿಯಮ ಅವಳಿಗೆ ಅನ್ವಯಿಸದು. ಜೆನ್ನಾಳ ನಗು ಕೆಲಸವೆಂದು ಒಂದು ಧಾರಾವಾಹಿಗೆ ಕಂಡಿತು. ಕಾನೂನಿಗೆ ಇನ್ನೂ ಕಂಡಿಲ್ಲ.

ಜೆನ್ನಾಳ ಪಾತ್ರ ಮಾಡಿದವರು ಇಎಕ್ಸ್‌ಐಡಿ ಗುಂಪಿನ ಹನಿ. ಅವರ ಗುಂಪು 2012ರಿಂದ ಹಾಡುತ್ತಿದ್ದರೂ ಹೆಸರಾಗಿರಲಿಲ್ಲ. 2014ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಹಾಡೂ ಬಿದ್ದುಹೋಗಿತ್ತು. ಅಕ್ಟೋಬರ್‌ನಲ್ಲಿ ಪಾಜು ಎಂಬ ಊರಿನ ಒಂದು ಕಾರ್ಯಕ್ರಮದಲ್ಲಿ ಯಾರೋ ಒಬ್ಬ ನೋಡುಗ ಹನಿಯನ್ನು ಮಾತ್ರ ಹಿಂಬಾಲಿಸಿ ಚಿತ್ರೀಕರಿಸಿದ ವಿಡಿಯೋ ಅಂತರ್ಜಾಲದಲ್ಲಿ ಹರಡಿ, ಕೆಳಗಿಳಿದ ಹಾಡು ತಿಂಗಳುಗಳ ಮೇಲೆ ಪಟ್ಟಿಯ ತುದಿಗೆ ಏರಿತು. ಹೀಗೆ ಒಬ್ಬ ಅಭಿಮಾನಿಯ ಕ್ಯಾಮೆರಾದಿಂದ ಉಳಿದವರು, ಉಳಿಯದೆ ಹೋದ ಹುಡುಗಿಯ ಪಾತ್ರವನ್ನು ಮಾಡಿದ್ದಾರೆ. ಜೊತೆಗೆ ನಟಿಸಿದ ಸೋಲ್‌ಬಿನ್ ಅವರ ಲಾಬೂಮ್ ಗುಂಪಿನ 2016ರ ಒಂದು ಹಾಡು ಐದು ವರ್ಷ ಕಳೆದು 2021ರಲ್ಲಿ ಏಕಾಏಕಿ ಜನರ ಬಾಯಿಗೆ ಬಂದಿತ್ತು. ಅಭ್ಯಾಸದ ಕೋಣೆಯಲ್ಲಿ ಕೂತು, ನಮ್ಮಲ್ಲೇನು ಕಡಿಮೆಯಾಗಿತ್ತು ಎಂದು ಈ ಹುಡುಗಿಯರು ಒಬ್ಬರನ್ನೊಬ್ಬರು ಕೇಳಿಕೊಳ್ಳುವಾಗ, ಕಡಿಮೆಯಾದದ್ದು ಏನೂ ಇಲ್ಲ, ನೋಡುವವರ ಗಮನ ಆ ದಿನ ಬೇರೆ ಕಡೆಗಿತ್ತು ಅಷ್ಟೆ ಎಂಬುದು ಆ ನಟಿಯರ ಮೈಗೇ ಗೊತ್ತಿದೆ. ಆ ದೃಶ್ಯಗಳಲ್ಲಿ ಅವರು ಮಾತು ನಿಲ್ಲಿಸಿ ಸುಮ್ಮನಿರುವ ಗಳಿಗೆಗಳು ಬಹಳ ಭಾರವಾಗಿವೆ.

ಕಳೆದ ದೀಪಾವಳಿಗೆ ಅಕ್ಕನ ಮಗಳು ಬಂದಿದ್ದಾಗ ಈ ಧಾರಾವಾಹಿಯನ್ನು ಅವಳಿಗೆ ನಾನೇ ಹಚ್ಚಿಕೊಟ್ಟೆ. ಮೂರು ರಾತ್ರಿಗಳಲ್ಲಿ ನೋಡಿ ಮುಗಿಸಿದಳು, ಹೆಚ್ಚು ಮಾತಾಡಲಿಲ್ಲ. ಮೂರನೆಯ ರಾತ್ರಿ ನಾನು ಉಳಿದ ಕರಜಿಕಾಯಿಗಳನ್ನು ಡಬ್ಬಿಗೆ ತುಂಬುತ್ತಿದ್ದಾಗ ಅವಳ ಫೋನು ಮಿನುಗಿತು. ಅದೇ ಗಾಯಕ, ಅದೇ ಪ್ರಶ್ನೆ. ಈಗ ಅವಳ ಚಂದಾ ಏಳುನೂರು ದಿನ ದಾಟಿತ್ತು. ಮೊದಲಿನ 30 ಅಕ್ಷರಗಳಿಗಿಂತ ಎಷ್ಟೋ ಉದ್ದ ಬರೆಯಬಹುದಿತ್ತು. ಅವಳು ಕಲಿತಿದ್ದ ಅಷ್ಟಿಷ್ಟು ಕೊರಿಯನ್ನಿನಲ್ಲಿ ಎರಡೇ ಪದ ಬರೆದಳು. ಏನು ಬರೆದೆ ಎಂದು ಕೇಳಿದೆ. "ನೀವು ಮಲಗಿ ಅಂತ" ಎಂದಳು. ಫೋನನ್ನು ಬೋರಲು ಹಾಕಿ, ಡಬ್ಬಿಯ ಮುಚ್ಚಳ ಒತ್ತಿ ಹಿಡಿಯಲು ನನಗೆ ಕೈಜೋಡಿಸಿದಳು.

ಐದು ನಿಮಿಷ ಕಳೆದಿರಬಹುದು. ಫೋನು ಮತ್ತೆ ಮಿನುಗಿತು. ಅವಳು ತಿರುಗಿಸಿ ನೋಡಿ ನನಗೂ ತೋರಿಸಿದಳು: ಇವತ್ತು ಯಾಕೋ ನಿದ್ದೆ ಬರುತ್ತಿಲ್ಲ, ಇನ್ನೂ ಸ್ವಲ್ಪ ಹೊತ್ತು ನಿಮ್ಮ ಜೊತೆ ಮಾತಾಡಲೇ?